ಹೊಳಲ್ಕೆರೆಗೆ, ನೇಪಾಳ ಮಾರ್ಗವಾಗಿ

ಹಿರಿಯೂರಿನಿಂದ ಹೊಳಲ್ಕೆರೆಗೆ ಹೋಗುವುದು ಏನೂ ಕಷ್ಟವಲ್ಲ. ಚಿತ್ರದುರ್ಗದಲ್ಲಿ ಇಳಿದು ಬಸ್ಸು ಬದಲಾಯಿಸಿದರೆ ಆಯಿತು. ಬೆಳಿಗ್ಗೆ ತಿಂಡಿ ತಿಂದು ಹೊರಟವನು ಅಕ್ಕನ ಮನೆಯಲ್ಲಿ ಊಟಕ್ಕೆ ಎಲೆ ಹಾಕುವ ಮೊದಲೇ ಹೋಗಿ ಕುಳಿತಿರಬಹುದು. ನಾನು ಮಾತ್ರ ಒಮ್ಮೆ ನೇಪಾಳವನ್ನು ಸುತ್ತಿಕೊಂಡು ಅಲ್ಲಿಗೆ ಹೋಗಬೇಕಾಯಿತು. ಮೂರು ವರ್ಷ ಹಿಡಿಯಿತು. ತಪ್ಪು ನನ್ನದೇ ಎಂದು ಈಗಲೇ ಹೇಳಿಬಿಡುತ್ತೇನೆ. ಪೂರ್ತಿ ಓದಿದ ಮೇಲೆ ನೀವು ಹೇಗೂ ಹೇಳುತ್ತೀರಿ, ಅದಕ್ಕಿಂತ ನಾನೇ ಹೇಳಿಕೊಂಡರೆ ಮರ್ಯಾದೆ.

ಅಕ್ಕ ನನಗಿಂತ ಏಳು ವರ್ಷಕ್ಕೆ ದೊಡ್ಡವಳು. ಅವಳು ನನ್ನನ್ನು ಹೆಸರು ಹಿಡಿದು ಕರೆದದ್ದು ನನಗೆ ನೆನಪೇ ಇಲ್ಲ. "ಲೇ" ಎಂದರೆ ನಾನು. ನಾನು ಹೈಸ್ಕೂಲು ಮೇಷ್ಟ್ರಾದ ಮೇಲೂ ಅದೇ. ಒಮ್ಮೆ ಯಾವುದೋ ಮದುವೆ ಮುಗಿಸಿಕೊಂಡು ಹೋಗುವಾಗ ನನ್ನ ಶಾಲೆಯಿದ್ದ ಜವನಗೊಂಡನಹಳ್ಳಿಯಲ್ಲಿ ಇಳಿದು, ನಾನು ಒಂಬತ್ತನೇ ಕ್ಲಾಸಿಗೆ ಗಂಭೀರವಾಗಿ ರೇಖಾಗಣಿತ ಹೇಳುತ್ತಿದ್ದಾಗ ಬಾಗಿಲಲ್ಲಿ ನಿಂತು, "ಲೇ, ಲಾಡು ತಂದೀನಿ, ಬಾ ಇಲ್ಲಿ" ಎಂದಳು. ಮುಂದೆ ಒಂದು ತಿಂಗಳು ಮಕ್ಕಳು ನನ್ನ ಬೆನ್ನ ಹಿಂದೆ ನನ್ನನ್ನು "ಲೇ ಮೇಷ್ಟ್ರು" ಎಂದೇ ಕರೆದವು. ನಾನು ಅಕ್ಕನ ಮೇಲೆ ರೇಗಾಡಿದೆ. ಲಾಡು ತಿಂದ ಮೇಲೆ ರೇಗಾಡಿದೆ.

ನಮ್ಮಿಬ್ಬರಿಗೂ ಒಂದು ಹಬ್ಬವಿತ್ತು. ಆಷಾಢದ ಕೊನೆಯ ದಿನ ಬರುವ ಭೀಮನ ಅಮಾವಾಸ್ಯೆ. ಅದು ಹೆಂಗಸರು ಗಂಡನ ಆಯಸ್ಸಿಗೆಂದು ಪೂಜೆ ಮಾಡುವ ಹಬ್ಬ, ನಿಜ. ಆದರೆ ಅದರ ಬಾಲದಲ್ಲಿ ಒಡಹುಟ್ಟಿದವರಿಗೂ ಒಂದು ಪಾಲು ಇದೆ. ಗೋಧಿ ಹಿಟ್ಟಿನ ಕಡುಬಿನೊಳಗೆ ಹೂರಣದ ಬದಲು ಒಂದು ನಾಣ್ಯವಿಟ್ಟು ಕರಿಯುತ್ತಾರೆ. ಅದಕ್ಕೆ ಭಂಡಾರ ಎಂದು ಹೆಸರು. ಅದನ್ನು ಹೊಸ್ತಿಲ ಮೇಲೆ ಇಡುತ್ತಾರೆ. ಅಣ್ಣನೋ ತಮ್ಮನೋ ಬಂದು ಮಂಡಿಯೂರಿ ಮೊಣಕೈಯಿಂದ ಅದನ್ನು ಒಡೆಯಬೇಕು. ಒಡೆಯುವಾಗ ಅಕ್ಕತಂಗಿಯರು ಅವನ ಬೆನ್ನಿಗೆ ಒಂದು ಗುದ್ದು ಹಾಕುತ್ತಾರೆ. ಯಾಕೆ ಗುದ್ದಬೇಕು ಎಂದು ನಾನು ಚಿಕ್ಕವನಾಗಿದ್ದಾಗ ಕೇಳಿದ್ದೆ. "ವರ್ಷ ಪೂರ್ತಿ ಗುದ್ದಬೇಕು ಅನ್ಸುತ್ತಲ್ಲ, ಅದಕ್ಕೆ ಶಾಸ್ತ್ರದೋರು ಒಂದು ದಿನ ಮಾಡವ್ರೆ" ಎಂದಿದ್ದಳು ಅಕ್ಕ. ನಮ್ಮ ಮನೆಯಲ್ಲಿ ಇನ್ನೊಂದು ಕಟ್ಟುಪಾಡು: ತಮ್ಮ ಭಂಡಾರ ಒಡೆಯುವ ತನಕ ಅಕ್ಕ ಊಟ ಮುಟ್ಟುವಂತಿಲ್ಲ. ಅವಳ ಮದುವೆಯಾದಾಗಿನಿಂದ ಪ್ರತಿ ವರ್ಷ ನಾನು ಹೊಳಲ್ಕೆರೆಗೆ ಹೋಗಿ ಒಡೆದು, ಗುದ್ದಿಸಿಕೊಂಡು, ಉಂಡು ಬರುತ್ತಿದ್ದೆ.

ನಿವೃತ್ತನಾದ ವರ್ಷವೂ ಹೊರಟೆ. ಹೊಸದಾಗಿ ನಿವೃತ್ತನಾದವನಿಗೆ ರಜೆ ಸಿಕ್ಕಿದ ಹುಡುಗನ ಬುದ್ಧಿ. ಚಿತ್ರದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಜೊತೆಗೆ ಓದಿದ ಇಬ್ಬರು ಗೆಳೆಯರು ಸಿಕ್ಕರು, ಒಬ್ಬನ ಹತ್ತಿರ ಕಾರೂ ಇತ್ತು. "ಜೋಗಿಮಟ್ಟಿ ಬೆಟ್ಟದಲ್ಲಿ ಮೋಡ ನೆಲಕ್ಕೆ ಇಳಿದೈತಂತೆ ಕಣೋ, ಹೋಗಾಣ ಬಾ. ಒಂದು ತಾಸು, ಅಷ್ಟೇ" ಎಂದರು. ಹತ್ತಿದೆ. ಒಂದು ತಾಸು ಎಂದದ್ದು ಮೋಡದೊಳಗೆ ಎಲ್ಲೋ ಕಳೆದುಹೋಯಿತು. ಮಂಡಕ್ಕಿ ತಿಂದೆವು, ಮೇಷ್ಟ್ರುಗಳನ್ನು ಆಡಿಕೊಂಡೆವು, ಮೇಲೆ ಫೋನು ಸಿಗುವುದಿಲ್ಲ ಎಂಬ ನೆಪ ಬೇರೆ. ಕೆಳಗಿಳಿಯುವ ಹೊತ್ತಿಗೆ ಸಂಜೆ ಐದು. ಫೋನು ಒಂದೇ ಸಮನೆ ಹೊಡೆದುಕೊಂಡಿತು. ಅಕ್ಕ.

"ಎಲ್ಲಿದೀಯೋ?" ಎಂದಳು.

ಆ ದನಿಯಲ್ಲಿ ಹಸಿವು ಇತ್ತು, ನನಗೆ ಗೊತ್ತಾಯಿತು. ಗೊತ್ತಾದದ್ದಕ್ಕೇ ನಾಚಿಕೆಯಾಯಿತು, ನಾಚಿಕೆಯಾದದ್ದಕ್ಕೇ ಗೆಳೆಯರ ಮುಂದೆ ಜೋರು ಮಾಡಿದೆ. "ಏ ಬಿಡಕ್ಕ, ಈ ವಯಸ್ಸಿಗೆ ಎಂಥ ಭಂಡಾರ? ನೀನೇ ಒಡ್ಕ" ಎಂದೆ. ಗೆಳೆಯರಿಬ್ಬರೂ ಗೊಳ್ಳೆಂದು ನಕ್ಕರು. ಆ ನಗೆ ಫೋನಿನಲ್ಲಿ ಹೊಳಲ್ಕೆರೆಯ ತನಕ ಹೋಯಿತು. ಆ ಕಡೆಯಿಂದ ಮಾತು ಬರಲಿಲ್ಲ.

ಆಮೇಲೆ ಮೂರು ವರ್ಷ ಬರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಕ್ಕಳಿಗೆ ಬೋರ್ಡಿನ ಮೇಲೆ ಬರೆಸುತ್ತಿದ್ದ ಮೇಷ್ಟ್ರು ನಾನೇ. ನಾನೂ ಫೋನು ಮಾಡಲಿಲ್ಲವೆಂದಲ್ಲ, ಮಾಡಿದೆ. ಭಾವ ಎತ್ತಿಕೊಂಡು, "ಅವಳು ಹಾಲು ಕರೀತಾವ್ಳೆ" ಎನ್ನುತ್ತಿದ್ದರು. ಅವರ ಮನೆಯಲ್ಲಿ ಇದ್ದದ್ದು ಒಂದೇ ಎಮ್ಮೆ. ಅದನ್ನು ದಿನಕ್ಕೆ ಹತ್ತು ಸಲ ಕರೆಯುತ್ತಿದ್ದಳೆಂದು ಕಾಣುತ್ತದೆ. "ತಪ್ಪಾಯಿತು" ಎಂಬ ಒಂದು ಮಾತನ್ನು ಭಾವನ ಕೈಲಿ ಹೇಳಿ ಕಳಿಸಲು ನನಗೂ ಬಾಯಿ ಬರಲಿಲ್ಲ. ಯುಗಾದಿಗೆ ಒಬ್ಬಟ್ಟಿನ ಡಬ್ಬಿ ಬರುತ್ತಿತ್ತು, ಆದರೆ ಅದರ ಮೇಲೆ ನನ್ನ ಹೆಂಡತಿಯ ಹೆಸರು. ಮದುವೆ ಮುಂಜಿಗಳಲ್ಲಿ ಎದುರಾದರೆ ಅಕ್ಕ ಪಕ್ಕದವರಿಗೆ ಹೇಳುತ್ತಿದ್ದಳು: "ಅವರಿಗೆ ಊಟ ಆಯ್ತಾ ಕೇಳ್ರಿ." ಅವರು! ಹುಟ್ಟಿದಾಗಿನಿಂದ "ಲೇ" ಎನಿಸಿಕೊಂಡವನಿಗೆ "ಅವರು" ಎನ್ನುವುದಕ್ಕಿಂತ ದೊಡ್ಡ ಬೈಗುಳ ಕನ್ನಡದಲ್ಲಿಲ್ಲ. ಕೆಟ್ಟ ಮಾತಿನಲ್ಲಿ ಬೈದಿದ್ದರೆ ನಾನೂ ಬೈದು ಒಂದಾಗಿಬಿಡುತ್ತಿದ್ದೆ. ಮರ್ಯಾದೆ ಕೊಟ್ಟರೆ ಏನು ಮಾಡುವುದು?

ಇದನ್ನೆಲ್ಲ ನೋಡಿ ಸಾಕಾದವಳು ಅಕ್ಕನ ಮಗಳು. ಹೊಸದುರ್ಗದಲ್ಲಿ ಶಾಲಾ ಟೀಚರು, ಇಬ್ಬರು ಜಗಳಗಂಟ ಹುಡುಗರನ್ನು ಒಂದೇ ಬೆಂಚಿನಲ್ಲಿ ಕೂರಿಸಿ ಸರಿ ಮಾಡುವ ವಿದ್ಯೆ ಅವಳಿಗೆ ಚೆನ್ನಾಗಿ ಗೊತ್ತು. ದೀಪಾವಳಿ ರಜೆಗೆ ನೇಪಾಳಕ್ಕೆ ಹೋಗೋಣ ಎಂದು ನನಗೆ ಫೋನು ಮಾಡಿದಳು. ಅಮ್ಮ ಬರುವುದಿಲ್ಲ ಎಂದು ನನಗೆ ಹೇಳಿದಳು, ಮಾಮ ಬರುವುದಿಲ್ಲ ಎಂದು ಅಮ್ಮನಿಗೆ ಹೇಳಿದಳು. ನನ್ನ ಹೆಂಡತಿಗೂ ಈ ಸಂಚು ತಿಳಿದಿತ್ತು. "ನೀವೊಬ್ರೇ ಹೋಗಿ ಬರ್ರಿ, ನನಗೆ ಮಂಡಿ ನೋವು" ಎಂದಳು. ಆ ಮಂಡಿ ನೋವು ನಾನು ಹೊರಟ ಮರುದಿನವೇ ವಾಸಿಯಾಯಿತಂತೆ.

ನಾನು ಹಿರಿಯೂರಿನ ಕಟಿಂಗ್ ಶಾಪಿನಲ್ಲಿ ಫಾರಿನ್ನಿಗೆ ಹೊರಟಿದ್ದೇನೆ ಎಂದು ಸಾರಿಕೊಂಡಿದ್ದೆ. ಕತ್ತರಿ ಹಿಡಿದವನು, "ಪಾಸ್‌ಪೋರ್ಟ್ ಮಾಡ್ಸಿದ್ರಾ ಸಾರ್?" ಎಂದ. ನೇಪಾಳಕ್ಕೆ ಅದು ಬೇಡ, ವೋಟಿನ ಗುರುತಿನ ಚೀಟಿ ಸಾಕು ಎಂದೆ. "ಪಾಸ್‌ಪೋರ್ಟ್ ಬ್ಯಾಡ ಅಂದ್ರೆ ಅದೆಂಥ ಫಾರಿನ್ನು ಬಿಡಿ ಸಾರ್, ನಮ್ ಹೊಸದುರ್ಗಕ್ಕೆ ಹೋಗಿ ಬಂದಂಗೆ" ಎಂದು ಕತ್ತರಿ ಆಡಿಸಿದ. ಅವತ್ತು ಅವನು ಕೂದಲನ್ನೂ ಒಂದು ಕಡೆ ಹೆಚ್ಚು ಕತ್ತರಿಸಿದ.

ಚಿತ್ರದುರ್ಗದ ಬಸ್‌ಸ್ಟ್ಯಾಂಡಿನಲ್ಲಿ, ನಾನು ಅವತ್ತು ಗೆಳೆಯರ ಕಾರು ಹತ್ತಿದ ಜಾಗಕ್ಕೆ ಹತ್ತು ಮಾರು ದೂರದಲ್ಲಿ, ಬುತ್ತಿಯ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಅಕ್ಕ ಕುಳಿತಿದ್ದಳು. ನನ್ನನ್ನು ನೋಡಿದಳು. ಮಗಳನ್ನು ನೋಡಿದಳು. "ನಿನ್ನ ಹಲ್ಲು ಉದುರಿಸ್ತೀನಿ" ಎಂದು ಮಗಳಿಗೆ ಹೇಳಿದಳು. ಆದರೆ ಎದ್ದು ಹೋಗಲಿಲ್ಲ. ಟಿಕೆಟ್ಟು ಆಗಿತ್ತು, ಚಟ್ನಿಪುಡಿಯೂ ಕುಟ್ಟಿ ಆಗಿತ್ತು. ಕುಟ್ಟಿದ ಚಟ್ನಿಪುಡಿಯನ್ನು ವ್ಯರ್ಥ ಮಾಡುವವಳಲ್ಲ ಅವಳು.

ಗೋರಖಪುರದ ತನಕ ರೈಲು. ಎರಡು ದಿನಕ್ಕೂ ಹೆಚ್ಚು ಒಂದೇ ಡಬ್ಬಿಯಲ್ಲಿ, ನಡುವೆ ಸೋದರ ಸೊಸೆಯನ್ನು ಕೂರಿಸಿಕೊಂಡು ನಾವಿಬ್ಬರೂ ಎಲ್ಲ ಮಾತೂ ಆಡಿದೆವು, ಒಬ್ಬರಿಗೊಬ್ಬರು ಮಾತ್ರ ಆಡಲಿಲ್ಲ. "ಅವರಿಗೆ ಕರ್ಜಿಕಾಯಿ ಕೊಡು, ಹಸ್ಕಂಡಿರ್ತಾರೆ" ಎನ್ನುತ್ತಿದ್ದಳು ಅಕ್ಕ. "ನನಗೇನು ಹಸಿವಿಲ್ಲ ಅಂತ ಹೇಳು" ಎಂದು ನಾನು ನಾಲ್ಕು ತಿನ್ನುತ್ತಿದ್ದೆ. ಸೊಸೆ ನಿದ್ದೆ ಹೋದಾಗ ತೊಂದರೆಯಾಗುತ್ತಿತ್ತು. ಆಗ ಅಕ್ಕ ಕಿಟಕಿಯ ಹೊರಗಿನ ಹೊಲಗಳಿಗೆ ಹೇಳುತ್ತಿದ್ದಳು: "ಯಾರೋ ಫ್ಯಾನು ಹಾಕವ್ರೆ, ಕೆಮ್ಮು ಬರ್ತೈತೆ." ನಾನು ಎದ್ದು ಫ್ಯಾನು ಆರಿಸಿ, "ಆರ್ಸಿದೀನಿ" ಎಂದು ಫ್ಯಾನಿಗೇ ಹೇಳುತ್ತಿದ್ದೆ.

ಗಡಿಯಲ್ಲಿ ಒಂದು ಕಮಾನು ಇತ್ತು. ಅದರ ಕೆಳಗೆ ನಡೆದು ಹೋದೆವು, ಫಾರಿನ್ನು ಬಂತು. ಕಟಿಂಗ್ ಶಾಪಿನವನ ಮಾತು ನೆನಪಾಗಿ ನಾನು ಸ್ವಲ್ಪ ಪೆಚ್ಚಾದೆ. ನೇಪಾಳದ ಗಡಿಯಾರ ನಮ್ಮದಕ್ಕಿಂತ ಕಾಲು ಗಂಟೆ ಮುಂದೆ. ನಾನೂ ಸೊಸೆಯೂ ಕೈಗಡಿಯಾರ ತಿದ್ದಿಕೊಂಡೆವು. ಅಕ್ಕ ಒಪ್ಪಲಿಲ್ಲ. "ನನ್ನದು ಹೊಳಲ್ಕೆರೆ ಟೈಮು. ಇವರಿಗೋಸ್ಕರ ನಾನ್ಯಾಕೆ ಮುಂದಕ್ಕೆ ಹೋಗ್ಲಿ?" ಎಂದಳು.

ಅಲ್ಲಿಂದ ಪೊಖರಾಕ್ಕೆ ಒಂದು ವ್ಯಾನು ಗೊತ್ತು ಮಾಡಿದ್ದೆವು. ಡ್ರೈವರ್ ಮೂವತ್ತರ ಆಸುಪಾಸಿನ ನಗುಮುಖದ ಯುವಕ, ಹಿಂದಿ ಚೆನ್ನಾಗಿ ಬರುತ್ತಿತ್ತು. ನನ್ನ ಹಿಂದಿ ಮಾತ್ರ ಚಿತ್ರದುರ್ಗದ್ದು. ಚಿಕ್ಕಂದಿನಲ್ಲಿ ನಾವು ಬಾಡಿಗೆಗಿದ್ದ ಓಣಿಯ ಮುಸ್ಲಿಂ ಗೆಳೆಯರ ಜೊತೆ ಗೋಲಿ ಆಡುತ್ತ ಕಲಿತದ್ದು, ಅದರಲ್ಲಿ ನನಗೆ ಬಹಳ ಹೆಮ್ಮೆ. ಮೊದಲ ದಿನ ಅವನು ಚಹಾಕ್ಕೆ ನಿಲ್ಲಿಸಿದಾಗ, "ಚಾಯ್ ನಕ್ಕೊ" ಎಂದೆ, ಅಂದರೆ ಚಹಾ ಬೇಡ. ಆ ಕಡೆಯ ಮಾತಿನಲ್ಲಿ ನಾಕ್ ಎಂದರೆ ಮೂಗು. ಅವನು ಚಳಿಗೆ ಸೋರುತ್ತಿದ್ದ ನನ್ನ ಮೂಗನ್ನು ಮರುಕದಿಂದ ನೋಡಿ ಒರೆಸಿಕೊಳ್ಳಲು ಕಾಗದ ಕೊಟ್ಟ. ಅಕ್ಕ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ನಗುತ್ತಿದ್ದಳೆಂದು ಪ್ರಮಾಣ ಮಾಡಿ ಹೇಳಬಲ್ಲೆ.

ನಮ್ಮ ದೀಪಾವಳಿಯ ಹೊತ್ತಿಗೇ ಅಲ್ಲಿ ತಿಹಾರ್ ಎಂಬ ಐದು ದಿನದ ಹಬ್ಬ. ಒಂದು ದಿನ ಕಾಗೆಗೆ, ಒಂದು ದಿನ ನಾಯಿಗೆ, ಆಮೇಲೆ ಹಸುವಿಗೆ, ಎತ್ತಿಗೆ. ನಾವು ಹೋದ ದಿನ ನಾಯಿಯ ಸರದಿ. ಬೀದಿಯ ನಾಯಿಗಳೆಲ್ಲ ಕೊರಳಿಗೆ ಚೆಂಡು ಹೂವಿನ ಹಾರ, ಹಣೆಗೆ ಕುಂಕುಮ ಹಾಕಿಸಿಕೊಂಡು, ಮದುವೆ ಮನೆಯ ಬೀಗರಂತೆ ಯಾರನ್ನೂ ಲೆಕ್ಕಿಸದೆ ಓಡಾಡುತ್ತಿದ್ದವು. ಅಕ್ಕ ಬಹಳ ಹೊತ್ತು ನೋಡಿ ಮಗಳಿಗೆ ಹೇಳಿದಳು: "ನೋಡೇ, ನಾಯಿಗೂ ಒಂದು ಹಬ್ಬ ಅಂದ್ರೆ ಮನೆ ಬಾಗ್ಲಿಗೆ ಬಂದು ನಿಲ್ಲುತ್ತೆ." ಅದು ಯಾರಿಗೆ ಹೇಳಿದ್ದು ಎಂದು ವಿವರಿಸಬೇಕಾಗಿಲ್ಲ. ನಾನು ದೂರದ ಹಿಮದ ಬೆಟ್ಟವನ್ನು ನೋಡುವವನಂತೆ ತಿರುಗಿ ನಿಂತೆ. ಬೆಟ್ಟಕ್ಕೆ ಮೋಡ ಮುಚ್ಚಿತ್ತು.

ಹಬ್ಬದ ಐದನೆಯ ದಿನ ಬೆಳಿಗ್ಗೆ ಡ್ರೈವರ್ ಹೊಸ ಅಂಗಿ ಹಾಕಿಕೊಂಡು ಬಂದು, ಇವತ್ತು ಬಂಡಿ ಓಡಿಸುವುದಿಲ್ಲ ಎಂದ. ಇವತ್ತು ಭಾಯಿ ಟೀಕಾ, ಅಕ್ಕತಂಗಿಯರು ಅಣ್ಣತಮ್ಮಂದಿರಿಗೆ ತಿಲಕವಿಡುವ ದಿನ, ತನ್ನ ಅಕ್ಕನ ಮನೆ ಮೇಲಿನ ಹಳ್ಳಿಯಲ್ಲಿದೆ, ಹೋಗಲೇಬೇಕು. ತಿರುಗಾಟದ ಒಂದು ದಿನ ಹೋಯಿತಲ್ಲ ಎಂದು ನಾನು ಮುಖ ಸಿಂಡರಿಸಿದೆ. "ಒಂದು ವರ್ಷ ಹೋಗದಿದ್ರೆ ಏನಾಗುತ್ತೆ ಅಂತ ಕೇಳು" ಎಂದು ಸೊಸೆಗೆ ಹೇಳಿದೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಸೊಸೆ ನನ್ನನ್ನೇ ದಿಟ್ಟಿಸಿ ನೋಡಿ, ಅದನ್ನು ಅವನಿಗೆ ಕೇಳದೆ ಬಿಟ್ಟಳು. ಅಕ್ಕ ಮಾತ್ರ ಎದ್ದು ಸೀರೆ ಸರಿಮಾಡಿಕೊಂಡು, "ಹೋಗ್ಲಿ ಬಿಡು ಮಗ. ಅಕ್ಕ ಕಾಯ್ತಾ ಕುಂತಿರ್ತಾಳೆ, ಉಪವಾಸ ಇರ್ತಾಳೋ ಏನೋ" ಎಂದು ಡ್ರೈವರಿಗೆ ಕನ್ನಡದಲ್ಲೇ ಹೇಳಿದಳು. ಅವನಿಗೆ ಅರ್ಥವಾಯಿತು ಎಂದು ಕಾಣುತ್ತದೆ. ಅಂಗಡಿ ಹೋಟೆಲು ಎಲ್ಲ ಮುಚ್ಚಿರುತ್ತವೆ, ನೀವೂ ಬನ್ನಿ ಎಂದು ನಮ್ಮನ್ನೂ ಹತ್ತಿಸಿಕೊಂಡ.

ಕಲ್ಲಿನ ಗೋಡೆಯ, ಮೇಲೆ ತಗಡು ಹೊದೆಸಿದ ಮನೆ. ಜಗುಲಿಯ ಮೇಲೆ ರಂಗೋಲಿ, ಬಾಗಿಲಿಗೆ ಹೂವು. ಡ್ರೈವರಿನ ಅಕ್ಕ ನಲವತ್ತರ ಹೆಂಗಸು, ತಮ್ಮನನ್ನು ಕಂಡದ್ದೇ ಮೊದಲು ಬೈದಳು. ಭಾಷೆ ಬಾರದಿದ್ದರೂ ಅದು ಯಾಕಿಷ್ಟು ತಡ ಎಂಬ ಬೈಗುಳವೆಂದು ನಮಗೆಲ್ಲ ತಿಳಿಯಿತು. ನಮ್ಮನ್ನು ಕೂರಿಸಿ ಚಹಾ ಕೊಟ್ಟಳು. ಅಕ್ಕಿ ಹಿಟ್ಟನ್ನು ಬಳೆಯಾಕಾರದಲ್ಲಿ ಎಣ್ಣೆಗೆ ಬಿಟ್ಟು ಕರಿದ ಸಿಹಿ ರೊಟ್ಟಿ ಕೊಟ್ಟಳು. ಅಕ್ಕ ಅದನ್ನು ಮುರಿದು, ಮೂಸಿ, ತಿಂದು, "ನಮ್ಮ ಕಜ್ಜಾಯದ ತಂಗಿ ಇದು. ಬೆಲ್ಲ ಹಾಕಾದು ಮರ್ತವ್ರೆ" ಎಂದು ತೀರ್ಪು ಕೊಟ್ಟು ಇನ್ನೆರಡು ತೆಗೆದುಕೊಂಡಳು.

ಆಗ ಆ ಮನೆಯಾಕೆ ನನ್ನತ್ತ ಕೈ ತೋರಿಸಿ ಇವರು ಯಾರು ಎಂದು ಹಿಂದಿಯಲ್ಲಿ ಅಕ್ಕನನ್ನೇ ಕೇಳಿದಳು. ಸೊಸೆ ಬಾಯಿ ತೆರೆಯಲಿಲ್ಲ, ಬೇಕೆಂದೇ ಚಹಾ ಕುಡಿಯುತ್ತ ಕುಳಿತಳು. ಅಕ್ಕ ನೆಲ ನೋಡಿದಳು, ಗೋಡೆ ನೋಡಿದಳು. ಕೊನೆಗೆ ಟಿ.ವಿ. ನೋಡಿ ಕಲಿತ ಹಿಂದಿಯಲ್ಲಿ, "ಭಾಯಿ" ಎಂದಳು. ಮೂರು ವರ್ಷದ ಮೇಲೆ ಅವಳು ನನ್ನನ್ನು ಒಪ್ಪಿಕೊಂಡದ್ದು, ಅದೂ ಪರಭಾಷೆಯಲ್ಲಿ. ಮನೆಯಾಕೆ ಕೈ ತಟ್ಟಿ, ಹಾಗಾದರೆ ನೀವೂ ಟೀಕಾ ಇಡಲೇಬೇಕು, ನಮ್ಮ ಮನೆಯಲ್ಲಿ ಈ ದಿನ ಯಾವ ತಮ್ಮನೂ ಬರಿಹಣೆಯಲ್ಲಿ ಹೋಗುವಂತಿಲ್ಲ ಎಂದು ಒಳಗಿನಿಂದ ಇನ್ನೊಂದು ಚಾಪೆ ತಂದು ಹಾಸಿಯೇಬಿಟ್ಟಳು. ಅಕ್ಕ ಬೇಡ ಎನ್ನಲಿಲ್ಲ. ಹೂಂ ಎಂದೂ ಅನ್ನಲಿಲ್ಲ.

ಟೀಕಾ ಇಡುವ ಮುಹೂರ್ತವನ್ನು ರೇಡಿಯೋದಲ್ಲಿ ಹೇಳಿದ್ದರಂತೆ. ಇನ್ನೂ ಸ್ವಲ್ಪ ಹೊತ್ತಿತ್ತು. ನಾನು ಕೈಕಾಲು ತೊಳೆಯಲು ಅಂಗಳಕ್ಕೆ ಹೋದೆ. ನೀರು ಮಂಜುಗಡ್ಡೆಯ ಹಾಗಿತ್ತು, ಬೇಕೆಂದೇ ನಿಧಾನವಾಗಿ ತೊಳೆದೆ. ಒಳಗೆ ಹೋಗಿ ಅವಳ ಮುಂದೆ ಕೂತರೆ ಮುಖ ಎಲ್ಲಿಡುವುದು ಎಂಬ ಅಳುಕು. ತಿರುಗಿ ಬಂದಾಗ ಬಾಗಿಲಲ್ಲೇ ನಿಂತುಬಿಟ್ಟೆ.

ಹೊಸ್ತಿಲ ಮೇಲೆ ದುಂಡಗೆ, ಕರಿದ ಕಡುಬಿನ ಬಣ್ಣದ ಎರಡು ಉಂಡೆಗಳಿದ್ದವು. ಹೊಸ್ತಿಲಿನ ಆಚೆ, ಒಳಗೆ, ಅಕ್ಕ ಕುಳಿತಿದ್ದಳು. ನನ್ನ ಕಡೆಗೇ ನೋಡುತ್ತಿದ್ದಳು.

ಅವು ಅಕ್ರೋಟು ಎಂದು ನನಗೆ ಗೊತ್ತಾಗಲಿಲ್ಲವೇ ಎಂದು ಆಮೇಲೆ ಎಲ್ಲರೂ ಕೇಳಿದ್ದಾರೆ. ನಿಜ ಹೇಳಬೇಕೆಂದರೆ ನಾನು ಅವನ್ನು ಸರಿಯಾಗಿ ನೋಡಲೇ ಇಲ್ಲ. ಹೊಸ್ತಿಲು ಕಂಡಿತು, ಅದರ ಮೇಲೆ ದುಂಡಗಿನದು ಕಂಡಿತು, ಅದರ ಹಿಂದೆ ಅಕ್ಕ ಕಂಡಳು. ನಲವತ್ತು ವರ್ಷ ಹೊಳಲ್ಕೆರೆಯಲ್ಲಿ ಹೀಗೆಯೇ ಕಂಡದ್ದು. ಮಂಡಿ ತಾನಾಗಿಯೇ ಮಡಚಿತು. ಮೊಣಕೈ ಎತ್ತಿದೆ. ಈ ಸಲವಾದರೂ ಜೋರಾಗಿ ಒಡೆಯಬೇಕು, ಮೂರು ವರ್ಷದ್ದನ್ನೂ ಸೇರಿಸಿ ಒಡೆಯಬೇಕು ಎಂದುಕೊಂಡು ಪೂರ್ತಿ ಬಲ ಹಾಕಿ ಇಳಿಸಿದೆ.

"ಲೇ!" ಎಂದು ಅಕ್ಕ ಕೂಗಿದಳು. "ಲೇ ಲೇ ಲೇ, ಕಾಯಿ ಕಣೋ ಅದು! ಕಡುಬಲ್ಲ!"

ಅಷ್ಟು ಹೊತ್ತಿಗೆ ಆಗುವುದು ಆಗಿತ್ತು. ಅಕ್ರೋಟಿಗೆ ಏನೂ ಆಗಲಿಲ್ಲ. ನನ್ನ ಮೊಣಕೈಯಿಂದ ಹೊರಟ ಜುಮ್ಮು ಹಲ್ಲಿನ ತನಕ ಬಂತು. ನಾನು ಹೊಸ್ತಿಲ ಮೇಲೆ ಮುದುಡಿ ಕುಳಿತು ತೋಳು ಹಿಡಿದುಕೊಂಡು ಅಯ್ಯೋ ಅಯ್ಯೋ ಎಂದೆ. ಆ ಅಯ್ಯೋ ನೋವಿನದು ಅರ್ಧ. ಇನ್ನರ್ಧ ಯಾವುದೆಂದರೆ, ಅವಳು "ಲೇ" ಎಂದಿದ್ದಳು. ಒಂದಲ್ಲ, ನಾಲ್ಕು ಸಲ. ಅಷ್ಟು ನೋವಿನಲ್ಲೂ ನಾನು ಎಣಿಸಿದ್ದೆ.

ಡ್ರೈವರ್ ಓಡಿ ಬಂದ, ಅವನ ಅಕ್ಕ ಕಲ್ಲು ಹಿಡಿದುಕೊಂಡು ಒಳಗಿನಿಂದ ಬಂದಳು. ಸೊಸೆ ನಗುವುದೋ ಅಳುವುದೋ ತಿಳಿಯದೆ, ನಮ್ಮ ಕಡೆ ತಮ್ಮಂದಿರು ಹೊಸ್ತಿಲ ಮೇಲೆ ಮೊಣಕೈಯಿಂದ ಕಡುಬು ಒಡೆಯುತ್ತಾರೆ ಎಂದು ಹಿಂದಿಯಲ್ಲಿ ಬಿಡಿಸಿ ಹೇಳಿದಳು. ಕೇಳಿ ಮನೆಯಾಕೆ ಗೋಡೆಗೆ ಒರಗಿ ನಕ್ಕಳು. ಆಮೇಲೆ ಕಣ್ಣು ಒರೆಸಿಕೊಂಡು ಏನೋ ಹೇಳಿದಳು.

"ಏನಂತೆ?" ಎಂದಳು ಅಕ್ಕ.

"ಇಲ್ಲಿ ತಮ್ಮ ಒಡೀಬಾರದಂತಮ್ಮ. ತಮ್ಮನಿಗೆ ಬರಾ ಕೆಟ್ಟದ್ದನ್ನೆಲ್ಲ ಬಾಗ್ಲಲ್ಲೇ ಪುಡಿ ಮಾಡಾದು ಅಕ್ಕನ ಕೆಲಸವಂತೆ." ಸೊಸೆ ನನ್ನನ್ನು ನೋಡಿ, ಮೆಲ್ಲಗೆ ಮುಗಿಸಿದಳು: "ಅಕ್ಕನೇ ಒಡ್ಕಬೇಕಂತೆ."

ಜೋಗಿಮಟ್ಟಿಯ ಕೆಳಗೆ ನಿಂತು ನಾನು ಆಡಿದ ಮಾತು ಸುತ್ತಿ ಬಳಸಿ ಇಷ್ಟು ದೂರ ಬಂದು ಈ ಹೊಸ್ತಿಲ ಮೇಲೆ ಕುಳಿತಿತ್ತು. ತಲೆ ಎತ್ತಲು ನನಗೆ ಧೈರ್ಯವಾಗಲಿಲ್ಲ.

ಅಕ್ಕ ಎದ್ದು ಬಂದಳು. ಮನೆಯಾಕೆಯ ಕೈಯಿಂದ ಕಲ್ಲು ತೆಗೆದುಕೊಂಡು ನನ್ನ ಎದುರಿಗೆ ಕುಕ್ಕರಗಾಲಿನಲ್ಲಿ ಕುಳಿತಳು. ಒಂದೇ ಏಟು. ಅಕ್ರೋಟು ಎರಡು ಹೋಳಾಯಿತು.

"ಇಗಾ ನೋಡು" ಎಂದಳು. "ನಾನೇ ಒಡ್ಕಂಡೆ."

"ತಪ್ಪಾತಕ್ಕ" ಎಂದೆ.

"ಯಾವ್ದು? ಈ ಕಾಯಿಗಾ, ಆ ಕಡುಬಿಗಾ?"

"ಆ ಕಡುಬಿಗೆ. ಇದಕ್ಕೆ ಆಗ್ಲೇ ಶಿಕ್ಷೆ ಆಯ್ತಲ್ಲ."

"ಸಂಜೆ ಐದು ಗಂಟೆ ತನಕ ಕುಂತಿದ್ದೆ ಕಣೋ. ನೀನು ಬರದೇ ಇದ್ದಿದ್ಕಲ್ಲ. ಆ ನಗು ಕೇಳಿಸ್ತಲ್ಲ, ಅದಕ್ಕೆ ಹೊಟ್ಟೆ ಉರೀತು." ಅವಳ ಕಣ್ಣು ತುಂಬಿತ್ತು. ನನ್ನದು ಆಗಲೇ ಸುರಿಯುತ್ತಿತ್ತು, ಮೊಣಕೈಯ ಮೇಲೆ ಹಾಕೋಣವೆಂದರೆ ಯಾರೂ ನಂಬುವಂತಿರಲಿಲ್ಲ. "ಏಳು, ಕುಂತ್ಕ ಚಾಪೆ ಮ್ಯಾಲೆ. ಟೈಮು ಮೀರ್ತೈತೆ."

"ನಿನ್ನ ಗಡಿಯಾರ ಕಾಲು ಗಂಟೆ ಹಿಂದೆ ಐತಕ್ಕ. ಆಗ್ಲೇ ಮೀರೈತೆ."

"ಬಾಯ್ಮುಚ್ಚು" ಎಂದಳು. ಎಷ್ಟು ಹಾಯಾಗಿತ್ತೆಂದರೆ, ಇನ್ನೊಂದು ಸಲ ಹೇಳಲಿ ಎನ್ನಿಸಿತು.

ಡ್ರೈವರೂ ನಾನೂ ಪಕ್ಕಪಕ್ಕದಲ್ಲಿ ಕುಳಿತೆವು. ಅವನ ಅಕ್ಕ ಮುಂದೆ, ಅವಳನ್ನು ನೋಡಿಕೊಂಡು ನಮ್ಮಕ್ಕ ಹಿಂದೆ, ಗರಿಕೆಯಿಂದ ಎಣ್ಣೆ ನೀರು ತೊಟ್ಟಿಕ್ಕಿಸುತ್ತ ನಮ್ಮ ಸುತ್ತ ಮೂರು ಸುತ್ತು ಬಂದರು. ಆ ಗೆರೆಯನ್ನು ಯಮನೂ ದಾಟಲಾರನಂತೆ. ತಲೆಗೆ ಎಣ್ಣೆ ಹಚ್ಚಿದರು. ಅಕ್ಕ ಉಳಿದ ಎಣ್ಣೆಯನ್ನು ನನ್ನ ಮೊಣಕೈಗೂ ತಿಕ್ಕಿದಳು, ಅದು ಅಲ್ಲಿನ ಶಾಸ್ತ್ರದಲ್ಲಿ ಇಲ್ಲ. ಆಮೇಲೆ ಹಣೆಯ ಮೇಲೆ ಬಿಳಿ ಹಿಟ್ಟಿನ ಗೆರೆ ಎಳೆದು, ಅದರ ಮೇಲೆ ಒಂದರ ಕೆಳಗೊಂದು ಏಳು ಬಣ್ಣ. ಮೂರನೆಯ ಬಣ್ಣಕ್ಕೆ ಅವಳ ಬೆರಳು ಜಾರಿ ಹಸಿರು ನನ್ನ ಮೂಗಿನ ಮೇಲೆ ಬಿತ್ತು. "ಅಲ್ಲಾಡ್ಬ್ಯಾಡ" ಎಂದು ನನ್ನನ್ನೇ ಗದರಿಸಿದಳು. ಬಾಡದ ಹೂವೆಂದು ನೇರಳೆ ಬಣ್ಣದ ಹಾರ ಹಾಕಿದಳು. ಮೊನ್ನೆ ನಾಯಿಗಳಿಗೆ ಹಾಕಿದ್ದು ಚೆಂಡು ಹೂವು, ಇದು ಬೇರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ತಮ್ಮಂದಿರು ತಿರುಗಿ ಏನಾದರೂ ಕೊಡಬೇಕು. ಡ್ರೈವರ್ ತನ್ನ ಅಕ್ಕನಿಗೆ ಸೀರೆ ಕೊಟ್ಟ. ನನ್ನ ಹತ್ತಿರ ಇದ್ದದ್ದು ಹಿಂದಿನ ದಿನ ಹೆಂಡತಿಗೆಂದು ಕೊಂಡ ಶಾಲು. ಅದನ್ನೇ ಕೊಟ್ಟೆ. ಅಕ್ಕ ಹೊದ್ದುಕೊಂಡು, "ಇದು ಯಾರಿಗೆ ತಗಂಡಿದ್ದು ಅಂತ ನನಗೆ ಗೊತ್ತು. ಆದ್ರೂ ಕೊಡಲ್ಲ" ಎಂದಳು. ಹೊರಡುವಾಗ ಮನೆಯಾಕೆ ದಾರಿಗೆಂದು ಒಂದು ಹಿಡಿ ಅಕ್ರೋಟು ಕೊಟ್ಟಳು, ಅಕ್ಕ ಬುತ್ತಿಯ ಚೀಲದಲ್ಲಿ ಹಾಕಿಕೊಂಡಳು. ತಿರುಗಿ ಬರುವ ರೈಲಿನಲ್ಲಿ ಸೊಸೆಗೆ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ನಡುವೆ ಕೂರುವ ಕೆಲಸ ಇನ್ನಿರಲಿಲ್ಲ. ನಾವಿಬ್ಬರೂ ಗೋರಖಪುರದಿಂದ ಊರಿನ ತನಕ ಬಾಯಿ ಮುಚ್ಚಲಿಲ್ಲ, ಅವಳಿಗೆ ನಿದ್ದೆಯೂ ಹತ್ತಲಿಲ್ಲ. "ಮಾಮ, 'ಅವರಿಗೆ ಹೇಳು' ಅಂತಿದ್ರಲ್ಲ, ಆ ಕಾಲಾನೇ ಚೆನ್ನಾಗಿತ್ತು, ಸ್ವಲ್ಪ ಸುಮ್ನಿರ್ರಿ" ಎಂದಳು.

ಅದರ ಮುಂದಿನ ಭೀಮನ ಅಮಾವಾಸ್ಯೆಗೆ ನಾನು ಮೊದಲ ಬಸ್ಸಿಗೇ ಹೊರಟೆ. ಚಿತ್ರದುರ್ಗದಲ್ಲಿ ಬಸ್ಸು ಬದಲಾಯಿಸುವಾಗ ಅತ್ತಿತ್ತ ನೋಡಲಿಲ್ಲ. ಹೊಳಲ್ಕೆರೆಯಲ್ಲಿ ಅಕ್ಕ ಇನ್ನೂ ಅಂಗಳಕ್ಕೆ ನೀರು ಹಾಕುತ್ತಿದ್ದಳು. "ಲೇ, ಯಾಕೋ ಇಷ್ಟು ಬೇಗ? ಇನ್ನೂ ಹಿಟ್ಟೇ ಕಲಸಿಲ್ಲ" ಎಂದಳು. ಆಮೇಲೆ ಸೊಂಟಕ್ಕೆ ಕೈಯಿಟ್ಟು ಯೋಚಿಸಿ, "ಬಂದಿದ್ದು ಒಳ್ಳೇದೇ ಆಯ್ತು. ಕುಂತ್ಕ. ತಿಂಡಿ ಕೊಡಲ್ಲ. ಅವತ್ತು ನಾನು ಕಾದಂಗೆ ನೀನೂ ಕಾಯಿ" ಎಂದಳು. ನಾನು ಜಗುಲಿಯ ಮೇಲೆ ಕುಳಿತು ಕಾದೆ. ಭಾವ ಎಮ್ಮೆಗೆ ಹುಲ್ಲು ಹಾಕುತ್ತ ನನ್ನನ್ನೂ ಎಮ್ಮೆಯನ್ನೂ ಒಂದೇ ಕನಿಕರದಿಂದ ನೋಡಿದರು. ಒಳಗಿನಿಂದ ಒಗ್ಗರಣೆಯ ವಾಸನೆ ಬಂತು, ಕಡುಬು ಕರಿಯುವ ವಾಸನೆ ಬಂತು. ಹಸಿವು ಅಂದರೆ ಏನೆಂದು ಹನ್ನೊಂದು ಗಂಟೆಯ ಹೊತ್ತಿಗೇ ನನಗೆ ಚೆನ್ನಾಗಿ ತಿಳಿದಿತ್ತು. ಅವಳು ಸಂಜೆಯ ತನಕ ಹೇಗೆ ಕುಳಿತಿದ್ದಳೋ ಎಂದು ನೆನೆದೆ.

ಪೂಜೆ ಮುಗಿಸಿ ಅಕ್ಕ ಭಂಡಾರ ತಂದು ಹೊಸ್ತಿಲ ಮೇಲೆ ಇಟ್ಟಳು. ದಪ್ಪಗೆ, ಚೆನ್ನಾಗಿ ಕೆಂಪಗೆ ಕರಿದದ್ದು. ಮಂಡಿಯೂರಿದೆ, ಮೊಣಕೈ ಎತ್ತಿದೆ, ಇಳಿಸಿದೆ.

ಅದೇ ಜುಮ್ಮು. ಹಲ್ಲಿನ ತನಕ.

ಹಿಟ್ಟು ಬಿರುಕು ಬಿಟ್ಟಿತ್ತು. ಬಿರುಕಿನೊಳಗೆ ನಾಣ್ಯವಿರಲಿಲ್ಲ. ನೇಪಾಳದ ಅಕ್ರೋಟು ಕುಳಿತಿತ್ತು, ಒಂದು ಗೆರೆಯೂ ಬಿದ್ದಿರಲಿಲ್ಲ. ನಾನು ತೋಳು ಹಿಡಿದುಕೊಂಡು ತಲೆ ಎತ್ತಿದೆ. ಅಕ್ಕ ಬಾಗಿಲಿನ ಚೌಕಟ್ಟು ಹಿಡಿದುಕೊಂಡು, ನಾನು ಕೊಟ್ಟ ಶಾಲಿನ ತುದಿ ಬಾಯಿಗೆ ಅಡ್ಡ ಹಿಡಿಯದೆ, ಅಕ್ಕಪಕ್ಕದ ಮನೆಗೆಲ್ಲ ಕೇಳುವಂತೆ ನಗುತ್ತಿದ್ದಳು.

"ಅಕ್ಕ, ಇದನ್ನ ಹೆಂಗೆ ಒಡೀಲಿ?" ಎಂದೆ.

"ನೀನೇ ಒಡ್ಕ" ಎಂದಳು.

ಕೊನೆಗೆ ಗುಂಡುಕಲ್ಲು ತಂದು ಒಡೆದೆ. ಒಳಗಿನ ತಿರುಳು ಅವಳಿಗೆ ಅರ್ಧ, ನನಗೆ ಅರ್ಧ. ಬೆನ್ನಿಗೆ ಬಿದ್ದ ಗುದ್ದು ಮಾತ್ರ ಪೂರ್ತಿ ನನ್ನದೇ.